ಕಿಟಕಿಯಾಚೆಯ ತಾತ

ಚಿನಕುರುಳಿ ಎಂಬ ಅಡ್ಡಹೆಸರು ಅವಳಿಗೆ ಒಪ್ಪುತ್ತಿದ್ದದ್ದು ಮನೆಯಲ್ಲಿ ಮಾತ್ರ. ಮನೆಯಲ್ಲಿ ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಶಾಲೆಯ ಗೇಟು ಕಂಡರೆ ಸಾಕು, ನೆನೆದ ಬೆಕ್ಕಿನ ಮರಿಯಂತಾಗಿಬಿಡುತ್ತಿದ್ದಳು. ಒಂದನೇ ತರಗತಿಯ ಮೊದಲ ವಾರ ಅವಳ ಅಳು ಕೇಳಿ ಪಕ್ಕದ ತರಗತಿಯ ಮಕ್ಕಳು ಪಾಠ ಬಿಟ್ಟು ನೋಡಲು ಬರುತ್ತಿದ್ದರು. ಅಮ್ಮನಿಗೆ ಬೆಳಿಗ್ಗೆಯೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನಾ ಗೇಟಿನ ಹತ್ತಿರ ನಿಂತು ಮುದ್ದು ಮಾಡುತ್ತಿದ್ದರೆ ಕೆಲಸ ಉಳಿಯುವ ಹಾಗಿರಲಿಲ್ಲ. ಹಾಗಾಗಿ ಭಾರ ತಾತನ ಹೆಗಲಿಗೆ ಬಿತ್ತು.

ತಾತ ದರ್ಜಿ. ಕಣ್ಣು ಮಂಜಾದ ಮೇಲೆ ಹೊಲಿಗೆ ಬಿಟ್ಟಿದ್ದ, ಆದರೆ ಮಾತಿನ ಹೊಲಿಗೆ ಬಿಟ್ಟಿರಲಿಲ್ಲ. ತರಗತಿಯ ಮುಂದಿನ ಜಗಲಿಯಲ್ಲಿ ಕಿಟಕಿಗೆ ಒತ್ತಿಕೊಂಡಂತೆ ಒಂದು ಮರದ ಬೆಂಚು ಇತ್ತು. ಅದರ ಮೇಲೆ ಕೂತು ಮೊಮ್ಮಗಳ ಗಲ್ಲ ಹಿಡಿದು ಹೇಳಿದ:

"ನೋಡು, ನಾನು ಇಲ್ಲೇ ಕೂತಿರ್ತೀನಿ. ನಿನ್ ಶಾಲೆ ಬಿಡೋವರೆಗೂ ಅಲ್ಲಾಡಲ್ಲ. ಹೆದರಿಕೆ ಆದ್ರೆ ಕಿಟಕಿ ಕಡೆ ನೋಡು. ನನ್ ಟೋಪಿ ಕಾಣುತ್ತೆ."

"ಒಂದಕ್ಕೆ ಬಂದ್ರೆ?"

"ತಡ್ಕೋತೀನಿ."

"ಆಣೆ?"

"ನಿನ್ನಾಣೆ," ಎಂದು ತಾತ ಅವಳ ನೆತ್ತಿಯ ಮೇಲೆ ಕೈಯಿಟ್ಟ.

ಆರು ವರ್ಷದವರ ನೆತ್ತಿಯ ಮೇಲೆ ಕೈಯಿಟ್ಟು ಮಾತು ಕೊಡುವುದು ಎಷ್ಟು ದೊಡ್ಡ ವಿಷಯ ಎಂದು ದೊಡ್ಡವರಿಗೆ ಮರೆತೇ ಹೋಗಿರುತ್ತದೆ. ಚಿನಕುರುಳಿ ಅಂದೇ ಅಳು ನಿಲ್ಲಿಸಿದಳು. ಕಿಟಕಿಯ ಕೆಳಭಾಗಕ್ಕೆ ಬಣ್ಣ ಬಳಿದಿದ್ದರಿಂದ ಅವಳ ಜಾಗದಿಂದ ಕಾಣುತ್ತಿದ್ದದ್ದು ಕಂದು ಕೋಟಿನ ಒಂದು ಹೆಗಲು, ಅದರ ಮೇಲೊಂದು ಉಣ್ಣೆ ಟೋಪಿ, ಅಷ್ಟೇ. ಅವಳಿಗೆ ಅಷ್ಟು ಸಾಕಾಗಿತ್ತು. 'ಅ' ಬರೆದು ಟೋಪಿ ನೋಡುವಳು, 'ಆ' ಬರೆದು ಟೋಪಿ ನೋಡುವಳು. ಸಾಲಿನಲ್ಲಿ ನಿಲ್ಲುವುದು, ಮಾತಾಡುವ ಮುಂಚೆ ಕೈಯೆತ್ತುವುದು, ಮುರಿದ ಪೆನ್ಸಿಲ್ಲಿಗೆ ಅಳದಿರುವುದು, ಎಲ್ಲವನ್ನೂ ಆ ಟೋಪಿಯ ಧೈರ್ಯದಲ್ಲೇ ಕಲಿತಳು. ಓದುವ ಸರದಿ ಬಂದಾಗಲಂತೂ ತಾತನಿಗೆ ಕೇಳಲಿ ಎಂದು ಕಿಟಕಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಓದುತ್ತಿದ್ದಳು. ಟೀಚರ್ ಕೂಡ, "ಹಾಗೆ ಓದ್ಬೇಕು! ತಾತ ಹೊರಗಡೆ ತಲೆದೂಗ್ತಿದಾರೆ ನೋಡು," ಎನ್ನುತ್ತಿದ್ದರು. ಟೋಪಿ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಟೀಚರ್ ಹೇಳಿದರು ಅಂದಮೇಲೆ ಅಲ್ಲಾಡಿದೆ ಎಂದೇ ಅವಳು ನಂಬಿದಳು.

ಆಟದ ಬಿಡುವಿನಲ್ಲಿ ಮಕ್ಕಳು ಹಿಂಬಾಗಿಲಿನಿಂದ ಅಂಗಳಕ್ಕೆ ಹೋಗಬೇಕು. ಪಾಠದ ಹೊತ್ತಿನಲ್ಲಿ ಮುಂದಿನ ಜಗಲಿಗೆ ಕಾಲಿಡಕೂಡದು ಎಂದು ಟೀಚರ್ ಕಟ್ಟಪ್ಪಣೆ ಮಾಡಿದ್ದರು. ಚಿನಕುರುಳಿ ಅದನ್ನು ಒಂದು ದಿನವೂ ಮೀರಲಿಲ್ಲ. ಸಂಜೆ ಗಂಟೆ ಹೊಡೆದು ಹೊರಗೆ ಓಡಿದರೆ ತಾತ ಬೆಂಚಿನ ಮೇಲೆ ಇದ್ದೇ ಇರುತ್ತಿದ್ದ. "ಸೊಂಟ ಹಿಡ್ಕೊಂಡ್ಬಿಡ್ತಪ್ಪಾ," ಎಂದು ಏಳುತ್ತಿದ್ದ. ಪಾಪ ಎನಿಸಿ ಅವಳು, ಅವನು ದಿನಾ ತರುತ್ತಿದ್ದ ಬಟ್ಟೆಯ ಚೀಲವನ್ನು ದಾರಿಯುದ್ದಕ್ಕೂ ತಾನೇ ಹೊರುತ್ತಿದ್ದಳು.

ಪಾಠ ಕಾಗುಣಿತಕ್ಕೆ ಬಂದಿದ್ದ ಒಂದು ದಿನ ಟೀಚರ್ ರಜೆ ಹಾಕಿದರು. ಬದಲಿಗೆ ಬಂದ ಎರಡನೇ ತರಗತಿಯ ಟೀಚರಿಗೆ ಕಿಟಕಿಯ ವ್ಯವಹಾರ ಏನೇನೂ ಗೊತ್ತಿರಲಿಲ್ಲ. ಚಾಕ್‌ಪೀಸ್ ಮುಗಿದಿತ್ತು. ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದ ಚಿನಕುರುಳಿಯನ್ನು ನೋಡಿ, "ಹೋಗಮ್ಮಾ, ಹೆಡ್‌ಮಿಸ್ ರೂಮಿಂದ ಒಂದು ಡಬ್ಬಿ ಇಸ್ಕೊಂಡು ಬಾ," ಎಂದರು. ಅಂಥ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಹಿಗ್ಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜಗಲಿಯಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತ, ತಾತನನ್ನು ಬೆಚ್ಚಿಬೀಳಿಸಬೇಕೆಂದು ಕಂದು ತೋಳನ್ನು ಗಬಕ್ಕನೆ ಹಿಡಿದಳು.

ತೋಳಿನೊಳಗೆ ಕೈ ಇರಲಿಲ್ಲ.

ಕೋಟನ್ನು ಮರದ ಹ್ಯಾಂಗರಿಗೆ ಹಾಕಿ, ಹ್ಯಾಂಗರನ್ನು ಬೆಂಚಿನ ಬೆನ್ನಿಗೆ ದಾರದಿಂದ ಬಿಗಿಯಲಾಗಿತ್ತು. ಹೆಗಲು ಕುಸಿಯದಂತೆ ಒಳಗೆ ಚಿಂದಿ ತುರುಕಲಾಗಿತ್ತು. ಖಾಲಿ ಕೋಟಿಗೆ ಮನುಷ್ಯನ ಹೆಗಲು ಕೊಡುವುದು ದರ್ಜಿಗೆ ನೀರು ಕುಡಿದಷ್ಟು ಸುಲಭ. ತಾತ ಒಂದಕ್ಕೆ ಹೋಗಿರಬೇಕು ಎಂದುಕೊಂಡಳು. ಅವನ ಮಾನ ಉಳಿಸಲು ಅವಳಿಗೆ ತೋಚಿದ್ದು ಅದೊಂದೇ. ಆದರೆ ಒಂದಕ್ಕೆ ಹೋಗುವವರು ಟೋಪಿಯೊಳಗೆ ಬಟ್ಟೆಯುಂಡೆಯ ತಲೆ ಮಾಡಿಟ್ಟು ಹೋಗುವುದಿಲ್ಲ.

ಅಷ್ಟರಲ್ಲಿ ರಸ್ತೆಯಾಚೆಯಿಂದ ಗೊತ್ತಿರುವ ನಗು ಕೇಳಿಸಿತು. ಎದುರಿನ ಕ್ಷೌರದ ಅಂಗಡಿಯಲ್ಲಿ, ಗಿರಾಕಿಯ ಕುರ್ಚಿಯಲ್ಲೇ, ತಾತ ಬರೀ ಅಂಗಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕ್ಷೌರದವನು ಏನೋ ಹೇಳುತ್ತಿದ್ದ, ತಾತ ತೊಡೆ ತಟ್ಟಿಕೊಂಡು ನಗುತ್ತಿದ್ದ. ಸೊಂಟ ಹಿಡಿದುಕೊಂಡವನ ಹಾಗೆ ಕಾಣುತ್ತಿರಲಿಲ್ಲ. ಚಿನಕುರುಳಿಗೆ ಕೂಗಬೇಕೆನಿಸಿತು, ಆದರೆ ಕೂಗಲಿಲ್ಲ. ಹೆಡ್‌ಮಿಸ್ ರೂಮಿಗೆ ಹೋಗಿ ಡಬ್ಬಿ ಇಸಿದುಕೊಂಡು, ಬೆಂಚಿನ ಕಡೆ ನೋಡದೆ ತರಗತಿಗೆ ವಾಪಸು ಬಂದಳು.

ಪಕ್ಕದಲ್ಲಿ ಕೂರುವ, ಮುಂದಿನ ಹಲ್ಲು ಬಿದ್ದ ಬೊಚ್ಚುಬಾಯಿ ಅವಳ ಮುಖ ನೋಡಿ ಪಿಸುಗುಟ್ಟಿದಳು. "ನೋಡ್ಬಿಟ್ಯಾ?"

"ಏನು?"

"ಕೋಟು."

ಚಿನಕುರುಳಿಯ ಕೈಯಲ್ಲಿದ್ದ ಪೆನ್ಸಿಲ್ಲು ನಿಂತಿತು. "ನಿಂಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತು. ಲೇಟಾಗಿ ಬಂದೋರೆಲ್ಲ ನೋಡಿದ್ವಿ. ನಿಂಗೆ ಹೇಳ್ಬಾರ್ದು ಅಂತ ಟೀಚರ್ ಹೇಳಿದಾರೆ. ಹೇಳ್ದೇ ಇದ್ದೋರು ಒಳ್ಳೇ ಮಕ್ಕಳಂತೆ." ಬೊಚ್ಚುಬಾಯಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಾನು ಒಳ್ಳೇ ಮಗುವಾಗಿದ್ದೆನೆಂಬ ಸಮಾಧಾನದಲ್ಲಿ ಮತ್ತೆ ಬರೆಯತೊಡಗಿದಳು.

ತಾನು ಕಿಟಕಿಯ ಕಡೆ ತಿರುಗಿ ಕಿರುಚಿ ಓದುವಾಗಲೆಲ್ಲ ಇಡೀ ತರಗತಿಯೇ ಸುಮ್ಮನೆ ಕೂತು ನೋಡಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೊಸ ಟೀಚರ್ ಅವಳನ್ನು ಓದಲು ಎಬ್ಬಿಸಿದಾಗ, "ನಾನು ಓದಲ್ಲ," ಎಂದು ಕೂತುಬಿಟ್ಟಳು.

ಸಂಜೆ ಗಂಟೆ ಹೊಡೆಯಿತು. ತಾತ ಕೋಟು ತೊಟ್ಟು, ಟೋಪಿ ಹಾಕಿ, ಬೆಂಚಿನ ಮೇಲೆ ಸಜ್ಜಾಗಿದ್ದ. "ಸೊಂಟ ಹಿಡ್ಕೊಂಡ್ಬಿಡ್ತಪ್ಪಾ," ಎಂದು ಎದ್ದ.

ಅವಳು ಅಂದು ಚೀಲ ಕೇಳಲಿಲ್ಲ. ಗೇಟು ದಾಟಿದ ಮೇಲೆ ಕೇಳಿದಳು. "ತಾತ, ಇವತ್ತು ನಾನು ಓದಿದ್ದು ಕೇಳಿಸ್ತಾ?"

ಇಲ್ಲ ಅಂದುಬಿಡಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಇಲ್ಲ ಪುಟ್ಟಾ, ನಾನು ಅಲ್ಲಿರಲಿಲ್ಲ, ಎಂದರೆ ಅಲ್ಲೇ ಅವನ ಕಾಲು ತಬ್ಬಿ ಅತ್ತು ಎಲ್ಲ ಮರೆತುಬಿಡುತ್ತಿದ್ದಳು.

"ಕೇಳಿಸ್ದೆ ಇರುತ್ತಾ?" ಎಂದ ತಾತ. "ಎಷ್ಟು ಸ್ಪಷ್ಟ, ಎಷ್ಟು ಜೋರು! ಮಧ್ಯೆ ಒಂದು ಕಡೆ ತಡವರಿಸಿದೆ, ಆದ್ರೂ ಬಿಡ್ಲಿಲ್ಲ ನೀನು. ನಂಗೆ ಕಣ್ಣಲ್ಲಿ ನೀರೇ ಬಂತು."

ಅಷ್ಟು ಅಂದವಾಗಿ ಹೇಳಿದ. ಇಷ್ಟು ದಿನವೂ ಹಾಗೇ ಅಂದವಾಗಿ ಹೇಳಿದ್ದ. ಅವನ ಹೊಗಳಿಕೆಯಲ್ಲಿ ಯಾವುದು ನಿಜವಾಗಿತ್ತು, ಯಾವುದಾದರೂ ನಿಜವಾಗಿತ್ತಾ ಎಂದು ಹುಡುಕುತ್ತ ಅವಳು ಮನೆಯವರೆಗೂ ನಡೆದಳು.

ಅಮ್ಮ ಚಪ್ಪಲಿ ಬಿಡುತ್ತಿದ್ದಾಗಲೇ ಚಿನಕುರುಳಿ ಹೇಳಿದಳು. "ನಾಳೆಯಿಂದ ತಾತ ಕೂರೋದು ಬೇಡ. ಗೇಟಿನವರೆಗೂ ಬಂದ್ರೆ ಸಾಕು."

ತಾತ ಗೆದ್ದವನಂತೆ ಮಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನಾನು ಅವತ್ತೇ ಹೇಳಿರ್ಲಿಲ್ವಾ? ಸ್ವಲ್ಪ ದಿನ ಹೀಗೆ ತಳ್ಳಿದ್ರೆ ತಾನಾಗೇ ರೂಢಿ ಆಗುತ್ತೆ ಅಂತ. ನೀನೇ ಸುಮ್ನೆ ಹೆದರ್ತಿದ್ದೆ, ಮಗುಗೆ ಗೊತ್ತಾದ್ರೆ ಹೇಗಪ್ಪಾ ಅಂತ."

"ಅಪ್ಪಾ!" ಎಂದು ಅಮ್ಮ ಬಾಯಿ ಮುಚ್ಚಿಸಿದಳು. ಮುಚ್ಚಿಸುವಾಗಲೂ ನಗುತ್ತಿದ್ದಳು. ಹಾಗಾದರೆ ಅಮ್ಮನಿಗೂ ಗೊತ್ತಿತ್ತು. ಇನ್ನು ಹೋಗಿ ದೂರು ಹೇಳಲು ಈ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಅಮ್ಮ ಮಂಡಿಯೂರಿ ಕೂತು ಅವಳನ್ನು ಬರಸೆಳೆದುಕೊಂಡಳು. ಅವಳ ಸೀರೆ ಸೋಪಿನ ವಾಸನೆ ಹೊಡೆಯುತ್ತಿತ್ತು. "ನನ್ ಬಂಗಾರಾ, ಎಷ್ಟು ದೊಡ್ಡೋಳಾಗ್ಬಿಟ್ಟೆ! ನಿಜವಾಗ್ಲೂ ಒಬ್ಳೇ ಇರ್ತೀಯಾ? ಭಯ ಆಗಲ್ವಾ?"

ಚಿನಕುರುಳಿಗೆ ಹಿಂದೆಂದೂ ಇಲ್ಲದಷ್ಟು ಭಯವಾಗುತ್ತಿತ್ತು.

"ಆಗಲ್ಲ," ಎಂದಳು.

ಅದು ಅವಳು ಹೇಳಿದ ಮೊದಲ ಸುಳ್ಳು. ತಾತನೂ ನಂಬಿದ, ಅಮ್ಮನೂ ನಂಬಿದಳು.