ಇನ್ಯಾರಿಗೆ ಗೊತ್ತಿತ್ತು?

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ. ಕನ್ನಡಕದಂಗಡಿಯ ಒಳಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಿದ್ದ ಮೈದುನನಿಗೆ. ಅವನು ದಿನಕ್ಕೆ ಹತ್ತಾರು ಸಲ ಒಳಗಿನಿಂದ "ಅತ್ತಿಗೇ" ಅಂತ ಕೂಗುವುದನ್ನು ಕೇಳಿ ಕೇಳಿ ಪಕ್ಕದ ದರ್ಜಿ, ಎದುರಿನ ಔಷಧದಂಗಡಿಯವನು, ಕಡೆಗೆ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಮೈದುನ ಕಡ್ಡಿಯಂತಿದ್ದರೂ ಅವನ ಹೆಸರು ಗುಂಡ. ಹುಟ್ಟಿದಾಗ ದಪ್ಪಗಿದ್ದನಂತೆ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ತಾಯಿಯಿಲ್ಲದ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ಊಟ ಹಾಕಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಗಂಡ ತೀರಿಕೊಂಡ ಮೇಲೆ ಅಂಗಡಿ ನಿಂತದ್ದು ಇವರಿಬ್ಬರ ಹೆಗಲ ಮೇಲೆ. ಕಣ್ಣು ಪರೀಕ್ಷೆ ಅವಳದು, ಗಾಜು ಕೂರಿಸುವುದು ಅವನದು.

ಗಂಡನ ವಿಮೆಯ ಹಣ, ಇಷ್ಟು ವರ್ಷದ ಉಳಿತಾಯ, ಎಲ್ಲ ಒಂದೇ ಬ್ಯಾಂಕ್ ಖಾತೆಯಲ್ಲಿತ್ತು. ಅಂಗಡಿಯ ಜಾಗ ಮಾರುವುದಾಗಿ ಮಾಲೀಕ ಹೇಳಿದ್ದ. ನಾವೇ ಕೊಳ್ಳೋಣ ಅಂತ ಇಬ್ಬರೂ ತೀರ್ಮಾನಿಸಿದ್ದರು.

ಅವತ್ತು ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಅವಳ ಮೊಬೈಲಿನ ಸಿಗ್ನಲ್ ಹೋಯಿತು. ಒಬ್ಬ ಅಜ್ಜ ಎದುರಿನ ಹಲಗೆಯ ಅಕ್ಷರಗಳನ್ನು ಓದುತ್ತ ಎರಡನೇ ಸಾಲಿನಲ್ಲೇ ಸಿಕ್ಕಿಕೊಂಡಿದ್ದ.

"ಅತ್ತಿಗೆ, ನಿನ್ನ ಫೋನ್ ಹತ್ತೋದೇ ಇಲ್ವಲ್ಲ," ಅಂತ ಗುಂಡ ಒಳಗಿನಿಂದ ಕೇಳಿದ. "ಫ್ರೇಮಿನವರು ನಂಗೆ ಫೋನ್ ಮಾಡ್ತಿದ್ದಾರೆ."

"ಟವರ್ ಕೆಟ್ಟಿರ್ಬೇಕು ಬಿಡು. ಒಂದು ದಿನ ನೆಮ್ಮದಿ."

"ನಂದು ಚೆನ್ನಾಗೇ ಇದೆಯಲ್ಲ?"

"ನಿನ್ನ ಕಂಪನಿ ಬೇರೆ, ನನ್ನ ಕಂಪನಿ ಬೇರೆ. ನೀನು ಗಾಜು ನೋಡು."

ಸಂಜೆಯಾದರೂ ಸಿಗ್ನಲ್ ಬರಲಿಲ್ಲ. ಗುಂಡನನ್ನು ಕರೆದುಕೊಂಡು ಫೋನ್ ಕಂಪನಿಯ ಮಳಿಗೆಗೆ ಹೋದಳು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮ ನಂಬರ್‌ಗೆ ಇವತ್ತು ಬೆಳಿಗ್ಗೆ ಹೊಸ ಸಿಮ್ ಕೊಟ್ಟಾಗಿದೆ ಮೇಡಂ," ಅಂದಳು.

"ಯಾರಿಗೆ?"

"ನಿಮಗೇ."

ಹಳೇ ಸಿಮ್ ಕಳೆದುಹೋಗಿದೆ ಅಂತ ಯಾರೋ ಅವಳ ಹೆಸರು, ಹುಟ್ಟಿದ ದಿನಾಂಕ, ಗುರುತಿನ ಚೀಟಿಯ ನಂಬರ್ ಎಲ್ಲ ಸರಿಯಾಗಿ ಹೇಳಿ ಬೇರೆ ಮಳಿಗೆಯಿಂದ ಹೊಸದು ತೆಗೆದುಕೊಂಡಿದ್ದರು. ಆ ಗಳಿಗೆಯಿಂದ ಅವಳ ನಂಬರಿಗೆ ಬರಬೇಕಾದದ್ದೆಲ್ಲ ಆ ಯಾರಿಗೋ ಹೋಗುತ್ತಿತ್ತು. ಬ್ಯಾಂಕಿನ ಒಟಿಪಿ ಕೂಡ. ಅವಳು ನಿಂತಲ್ಲೇ ಗುಂಡನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿದಳು. ಖಾತೆ ಬರಿದಾಗಿತ್ತು.

ಮರುದಿನ ಬ್ಯಾಂಕಿನ ಮ್ಯಾನೇಜರ್ ಬೇಸರದಿಂದಲೇ ಹೇಳಿದರು. "ಸಿಗ್ನಲ್ ಹೋದ ತಕ್ಷಣ ಬೇರೆ ಫೋನಿಂದ ಒಂದು ಮಾತು ಹೇಳಿದ್ರೆ ಖಾತೆಗೆ ಬೀಗ ಹಾಕ್ತಿದ್ವಿ. ದುಡ್ಡು ಹೋಗಿರೋದು ಮಧ್ಯಾಹ್ನದ ಮೇಲೆ."

ನೆಮ್ಮದಿ ಅಂತ ಅಂದದ್ದು ಅವಳಿಗೆ ನೆನಪಾಯಿತು.

ಅಲ್ಲಿಂದ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಇನ್ಸ್‌ಪೆಕ್ಟರ್ ತಾಳ್ಮೆಯ ಮನುಷ್ಯ, ನೀರು ತರಿಸಿ ಕೊಟ್ಟರು. ಕುರ್ಚಿ ಒಂದೇ ಇದ್ದದ್ದರಿಂದ ಗುಂಡ ಅವಳ ಹಿಂದೆ ನಿಂತಿದ್ದ.

"ನಿಮ್ಮ ಹುಟ್ಟಿದ ದಿನ, ಗುರುತಿನ ಚೀಟಿ, ಬ್ಯಾಂಕ್ ಕಾರ್ಡಿನ ನಂಬರ್. ಇಷ್ಟೂ ಅವರಿಗೆ ಗೊತ್ತಿತ್ತು. ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸಾರ್. ನಾನು ಯಾಕೆ ಹೇಳ್ಲಿ?"

"ಹಾಗಾದ್ರೆ ಇನ್ಯಾರಿಗೆ ಗೊತ್ತಿತ್ತು? ನೋಡಿ ಅಮ್ಮ, ಬೇಜಾರು ಮಾಡ್ಕೋಬೇಡಿ. ಎಷ್ಟೋ ಸಲ ಮನೆಯೊಳಗಿನವರೇ ಇರ್ತಾರೆ."

ಅಂಗಡಿಯ ಪರವಾನಗಿ ನವೀಕರಣಕ್ಕೆ ಅಂತ ಅವಳ ಗುರುತಿನ ಚೀಟಿಯನ್ನು ಗುಂಡ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದ. ಅದೇ ತಿಂಗಳಲ್ಲಿ. ಕಾರ್ಡು ಯಾವಾಗಲೂ ಗಲ್ಲಾಪೆಟ್ಟಿಗೆಯಲ್ಲೇ ಇರುತ್ತಿತ್ತು. ಆ ಯೋಚನೆ ಎಲ್ಲಿತ್ತೋ, ಹೇಗೆ ಬಂತೋ, ಬಾಯಿಗೆ ಬಂದುಬಿಟ್ಟಿತು.

"ನನ್ನ ಮೈದುನನಿಗೆ ಗೊತ್ತು," ಅಂದಳು. "ಅವನೊಬ್ಬನಿಗೇ."

ಹಿಂತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಭುಜದ ಪಕ್ಕದಿಂದ ಒಂದು ಕೈ ಬಂದು ಮೇಜಿನ ಮೇಲೆ ಮೊಬೈಲ್ ಇಟ್ಟಿತು. ಗಾಜಿನ ಪುಡಿ ಹತ್ತಿ ಹತ್ತಿ ಒರಟಾದ ಬೆರಳುಗಳು.

"ನೋಡ್ಕೊಳ್ಳಿ ಸಾರ್. ಲಾಕ್ ಹಾಕಿಲ್ಲ," ಅಂದ ಗುಂಡ.

ಅವತ್ತು ಅವನನ್ನು ಅಲ್ಲೇ ಉಳಿಸಿಕೊಂಡರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಆಮೇಲೂ ಮತ್ತೆ ಮತ್ತೆ ಕರೆಸಿದರು. ಪೊಲೀಸಿನವನೊಬ್ಬ ಅಂಗಡಿಗೇ ಬಂದು ಗಿರಾಕಿಗಳ ಎದುರು ಅವನನ್ನು ಹೊರಡಿಸಿಕೊಂಡು ಹೋದ. ಬೀದಿಗೆ ಅಷ್ಟೇ ಸಾಕಾಯಿತು.

"ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅಂದಹಾಗಾಯ್ತು," ಅಂತ ದರ್ಜಿ ಹಲ್ಲಲ್ಲಿ ದಾರ ಕಚ್ಚಿಕೊಂಡೇ ಹೇಳಿದ. ಅತ್ತಿಗೆ ಅವನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಅವಳ ಎದೆಯಲ್ಲಿ ಸಂಶಯ ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಗಿತ್ತು. ಅವನ ಮುಖ ನೋಡಿದರೆ ಅವನಲ್ಲ ಅನ್ನಿಸುವುದು. ಅವನು ಅತ್ತ ಹೋದ ಕೂಡಲೇ, ಅವನಲ್ಲದೆ ಮತ್ಯಾರು ಅನ್ನಿಸುವುದು.

ಮನೆಯಲ್ಲಿ ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಸಾಕು, ಬೇಡ, ಅಷ್ಟೇ ಮಾತು. ಒಂದು ಬೆಳಿಗ್ಗೆ ಅವನು ಅಂಗಡಿಯ ಬೀಗದ ಕೈ ತಂದು ಅವಳ ಮುಂದಿಟ್ಟ.

"ಬೇರೆ ಕಡೆ ಕೆಲಸ ಸಿಕ್ಕಿದೆ. ಅಲ್ಲೇ ಹತ್ತಿರದಲ್ಲಿ ರೂಮೂ ನೋಡಿದ್ದೀನಿ."

"ಆಯ್ತು," ಅಂದಳು ಅವಳು. ಬೀಗದ ಕೈ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಅಂಗಡಿಯ ಜಾಗವನ್ನು ಬೇರೆಯವರು ಕೊಂಡರು. ಅವಳು ಹಿಂದಿನ ಗಲ್ಲಿಯ ಕಿರಿದಾದ ಕೋಣೆಗೆ ಸಾಮಾನು ಸಾಗಿಸಿದಳು. ಅಕ್ಷರದ ಹಲಗೆಗೂ ಗಿರಾಕಿಯ ಕುರ್ಚಿಗೂ ನಡುವೆ ಬೇಕಾದಷ್ಟು ದೂರ ಅಲ್ಲಿ ಇರಲಿಲ್ಲ. ಹಲಗೆಯನ್ನು ಕನ್ನಡಿಯಲ್ಲಿ ತೋರಿಸಿ ಓದಿಸಬೇಕಾಯಿತು.

ಕೆಲವು ತಿಂಗಳ ಮೇಲೆ ಠಾಣೆಯಿಂದ ಕರೆ ಬಂತು, ಹೋದಳು. ದೂರದ ಯಾವುದೋ ಊರಿನ ಬಾಡಿಗೆ ಮನೆಯೊಂದರಲ್ಲಿ ಏಳೆಂಟು ಜನರ ಗುಂಪು ಸಿಕ್ಕಿಬಿದ್ದಿತ್ತು. ಅವರ ಒಂದು ಖಾತೆಯಲ್ಲಿ ತಡೆಹಿಡಿದಿದ್ದ ಹಣ ಅವಳಿಗೆ ವಾಪಸ್ ಬರುವುದಿತ್ತು, ಹೋದದ್ದರಲ್ಲಿ ಒಂದಿಷ್ಟು ಪಾಲು. ಉಳಿದದ್ದು ಖರ್ಚಾಗಿಹೋಗಿತ್ತು.

"ಇನ್ನೊಂದು ವಿಷಯ," ಅಂದರು ಇನ್ಸ್‌ಪೆಕ್ಟರ್. "ಅವರು ಮಾಡಿದ ಕರೆಗಳನ್ನೆಲ್ಲ ರೆಕಾರ್ಡ್ ಮಾಡಿಟ್ಕೊಂಡಿದ್ರು. ನಿಮ್ಮದೂ ಇದೆ. ಕೇಳಿಸ್ಕೊಳ್ಳಿ."

ಮೊದಲು ಒಬ್ಬ ಹೆಂಗಸಿನ ಸಕ್ಕರೆಯಂಥ ದನಿ. ಬ್ಯಾಂಕಿನಿಂದ ಮಾತಾಡ್ತಿದ್ದೀನಿ, ನಿಮ್ಮ ವಿವರ ಹೊಸದು ಮಾಡಬೇಕು, ಇಲ್ಲದಿದ್ದರೆ ಖಾತೆ ನಿಂತುಹೋಗುತ್ತೆ. ಆಮೇಲೆ ಅತ್ತಿಗೆಯದೇ ದನಿ. ಹುಟ್ಟಿದ ದಿನ ಹೇಳಿ, "ವಯಸ್ಸು ಮಾತ್ರ ಲೆಕ್ಕ ಹಾಕ್ಬೇಡಮ್ಮ," ಅಂತ ನಗುತ್ತಿದ್ದಳು. ಗುರುತಿನ ಚೀಟಿಯ ನಂಬರ್ ಹೇಳಿದಳು. ಕಾರ್ಡಿನ ನಂಬರನ್ನು ಬಿಡಿಬಿಡಿಯಾಗಿ ಓದಿದಳು. ನಡುವೆ ಯಾರಿಗೋ "ಮೂಗಿನ ಮೇಲೆ ಸರಿಯಾಗಿ ಕೂತಿದೆಯಾ ನೋಡಿ," ಅಂದಳು. ಗಿರಾಕಿಗೆ ಕನ್ನಡಕ ತೊಡಿಸುತ್ತಿದ್ದಳು ಅಂತ ಕಾಣುತ್ತೆ. ಅಂಥದ್ದೊಂದು ಕರೆ ಬಂದದ್ದೇ ಅವಳಿಗೆ ಮರೆತುಹೋಗಿತ್ತು.

ಕೊನೆಗೆ ದೂರದಿಂದ ಇನ್ನೊಂದು ದನಿ. "ಅತ್ತಿಗೆ, ಯಾರದು ಫೋನು? ನಂಬರೆಲ್ಲ ಯಾಕೆ ಹೇಳ್ತಿದ್ದೀಯ?"

"ನೀನು ಸುಮ್ನಿರೋ. ಬ್ಯಾಂಕಿನವರು."

ಅವಳು ಠಾಣೆಯಿಂದ ನೇರವಾಗಿ ಬಸ್ಸು ಹತ್ತಿದಳು. ಗುಂಡ ಕೆಲಸ ಮಾಡುತ್ತಿದ್ದದ್ದು ಊರಿನ ಆ ತುದಿಯಲ್ಲಿ, ಗಾಜಿನ ಬಾಗಿಲಿನ ದೊಡ್ಡ ಮಳಿಗೆಯಲ್ಲಿ. ಅವಳನ್ನು ಕಂಡು ಎದ್ದು ಬಂದ, ಹಿಂದಿನ ಕೋಣೆಯಲ್ಲಿ ಕೂರಿಸಿದ.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದ್ದೀರಿ."

ಹಾಲುಹಲ್ಲಿನ ದಿನದಿಂದ ನೀನು ಅನ್ನುತ್ತಿದ್ದವನು. ಈ "ಬನ್ನಿ" ಅವಳ ಎದೆಗೆ ನಾಟಿತು. ಕೇಳಿಸಿಕೊಂಡದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು.

"ನಿಂಗೆ ಆ ಫೋನ್ ನೆನಪಿತ್ತೇನೋ?"

"ಇತ್ತು. ಅವತ್ತು ಠಾಣೆಗೆ ಬಂದಾಗ ಅದನ್ನೇ ಹೇಳ್ಬೇಕು ಅಂತಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ಅಷ್ಟರಲ್ಲಿ ನೀವು ನನ್ನ ಹೆಸರು ಹೇಳಿದ್ರಿ." ಅವನು ದನಿ ಏರಿಸಲಿಲ್ಲ. "ಆಮೇಲೆ ನಾನು ಏನು ಹೇಳಿದ್ರೂ ಕಳ್ಳ ತಪ್ಪಿಸ್ಕೊಳ್ಳೋಕೆ ಹೇಳಿದ ಹಾಗೆ ಕೇಳ್ಸೋದು. ನಿಮಗೂ."

"ತಪ್ಪಾಯ್ತು ಕಣೋ. ಮನೆಗೆ ಬಾ."

"ನಿಮ್ಮ ಮೇಲೆ ಸಿಟ್ಟಿಲ್ಲ ಅತ್ತಿಗೆ. ಆದ್ರೆ ಇನ್ನು ಆ ಮನೇಲಿ ಒಂದು ಚಮಚ ಕಾಣದಿದ್ರೂ ನಿಮಗೆ ನನ್ನ ನೆನಪು, ನನಗೆ ನಿಮ್ಮ ಭಯ. ಬೇಡ ಬಿಡಿ."

ಅವನು ಕೈ ಚಾಚಿ, "ಫೋನ್ ಕೊಡಿ ಇಲ್ಲಿ," ಅಂದ. ಬ್ಯಾಂಕಿನ ಆ್ಯಪ್‌ನಲ್ಲಿ ದಿನಕ್ಕೆ ಇಷ್ಟೇ ಹಣ ಹೊರಹೋಗಬೇಕು ಅಂತ ಮಿತಿ ಇಟ್ಟ. ದೊಡ್ಡ ಮೊತ್ತವನ್ನು ಬೇರೆ ಖಾತೆಯಲ್ಲಿಡಿ, ಅದನ್ನು ಫೋನಿಗೆ ಸೇರಿಸಲೇಬೇಡಿ ಅಂದ.

"ಬ್ಯಾಂಕಿಗೆ ಅಂತಲೇ ಹೊಸ ನಂಬರ್ ತಗೊಳ್ಳಿ. ಅದನ್ನ ಯಾರಿಗೂ ಕೊಡ್ಬೇಡಿ."

"ಯಾರಿಗೂ ಅಂದ್ರೆ?"

"ಯಾರಿಗೂ. ನನಗೂ ಕೊಡ್ಬೇಡಿ."

ಕೊನೆಗೆ ಹೊಸ ಪಾಸ್‌ವರ್ಡ್ ಹಾಕುವ ಜಾಗ ಬಂತು. ಅವನು ಫೋನನ್ನು ಅವಳ ಕೈಗೆ ಕೊಟ್ಟು, "ನೀವೇ ಒತ್ತಿ," ಅಂತ ಹೇಳಿ ಗೋಡೆಯ ಕಡೆ ತಿರುಗಿ ನಿಂತ. ಅವಳಿಗೆ ಎರಡು ಸಲ ತಪ್ಪಾಯಿತು. ಅವನು ತಿರುಗಲಿಲ್ಲ. ಕಡೆಗೂ ಒತ್ತಿ, "ಆಯ್ತು," ಅಂದಳು. "ಸರಿ" ಅಂದ. ಹೊರಗಿನಿಂದ ಯಾರೋ ಅವನನ್ನು ಕರೆದರು.

ಅವನು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದ. ಬಸ್ಸು ಬಂದಾಗ ಮೆಟ್ಟಿಲು ಹತ್ತಲು ಕೈ ಹಿಡಿದ. ಕಿಟಕಿಯ ಪಕ್ಕ ಕೂತು ಅವಳು ಹೊರಗೆ ನೋಡಿದಳು. ಬಸ್ಸು ಹೊರಡುವ ಮೊದಲೇ ಅವನು ಮಳಿಗೆಯ ಕಡೆ ನಡೆಯತೊಡಗಿದ್ದ, ಕೆಲಸ ಬಿಟ್ಟು ಬಂದವನ ಅವಸರದಲ್ಲಿ.