ಹನ್ನೊಂದನೇ ಕಾಲಮ್ಮು

ದೆಹಲಿಯಿಂದ ಬಂದ ಫಾರಂನ ಹನ್ನೊಂದನೇ ಕಾಲಮ್ಮಿನಲ್ಲಿ ಮುರಳೀಧರ ಆಗಲೇ ‘ಸಾಮಾನ್ಯ ವರ್ಗ’ ಎಂದು ಟೈಪು ಮಾಡಿ ತಂದಿದ್ದ. ಹಾಗೆ ಮಾಡೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹುಟ್ಟಿದ ದಿನ, ವಕೀಲಿಕೆ ಶುರು ಮಾಡಿದ ವರ್ಷ, ಬರೆದ ತೀರ್ಪುಗಳ ಸಂಖ್ಯೆ ಎಲ್ಲವನ್ನೂ ಹಳೆಯ ಫೈಲು ನೋಡಿ ನೋಡಿ ತುಂಬಿದ್ದವನು, ‘ಸಾಮಾಜಿಕ ಹಿನ್ನೆಲೆ’ ಎಂಬ ಈ ಜಾಗಕ್ಕೆ ಬಂದಾಗ ಫೈಲು ತೆಗೆಯುವ ಗೋಜಿಗೇ ಹೋಗಿರಲಿಲ್ಲ.

"ಒಂದು ಸೈನ್ ಹಾಕ್ಬಿಟ್ರೆ ಮುಗೀತಮ್ಮಾ. ಸ್ಕ್ಯಾನ್ ಮಾಡಿ ಉಡನೆ ಅನುಪ್ಪಿಬಿಡ್ತೀನಿ," ಎಂದ. ತಮಿಳು ಬೆರೆತ ಕನ್ನಡ ಎಂದಿನದೇ, ಅವನ ಮುಖದಲ್ಲಿ ಮಾತ್ರ ಮದುವೆ ಮನೆಯ ಸಡಗರವಿತ್ತು. "ನಾಲ್ಕು ಗಂಟೆಗೆ ಅವ್ರು ಡೆಲ್ಲೀಲಿ ಕೂತ್ಕೋತಾರೆ. ಅದಕ್ಕೆ ಮುಂಚೆ ಸೇರ್ಬೇಕಂತೆ."

ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಸೀತಾ ಪೆನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. "ಇಲ್ಲಿಟ್ಟಿರಿ ಮುರಳೀಧರ್. ಇನ್ನೊಂದು ಸಲ ಓದಿ ಕೊಡ್ತೀನಿ."

"ಓದೋದಕ್ಕೆ ಏನಿದೆಯಮ್ಮಾ ಅದ್ರಲ್ಲಿ? ನಾಲ್ಕು ದಡವೆ ಚೆಕ್ ಮಾಡಿದೀನಿ," ಎಂದು ಗೊಣಗುತ್ತಲೇ ಅವನು ಹೊರಗೆ ಹೋದ.

ಮುರಳೀಧರ ತಿರುವಲ್ಲಿಕ್ಕೇಣಿಯ ಮಾಧ್ವರ ಪೈಕಿ. ಅವನ ಮುತ್ತಾತನ ಕಾಲಕ್ಕೇ ಮದ್ರಾಸಿಗೆ ಬಂದ ಕುಟುಂಬ. ಹದಿಮೂರು ವರ್ಷದಿಂದ ಸೀತಾಳ ಆಪ್ತ ಕಾರ್ಯದರ್ಶಿ. ಹೊರಗೆ ಎಲ್ಲೂ ಹನಿ ನೀರು ಮುಟ್ಟದ ಮಡಿವಂತ ಮಹಾಶಯ, ಸೀತಾಳ ಡಬ್ಬಿಯ ಮೊಸರನ್ನಕ್ಕೆ ಮಾತ್ರ ಧಾರಾಳವಾಗಿ ಕೈಯೊಡ್ಡುತ್ತಿದ್ದ. "ನಮ್ಮೋರ ಮನೆ ಊಟ" ಎನ್ನುತ್ತಿದ್ದ. ಅವಳು ಯಾವ ಜಾತಿ ಎಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಬೇಕಾಗಿತ್ತು, ಕೇಳದೆ ಬಿಟ್ಟು ಅವಳನ್ನು ಪಾರು ಮಾಡಿದ್ದ, ಪಾಪ.

ಸೀತಾಳ ನಿವೃತ್ತಿಗೆ ಉಳಿದಿದ್ದು ಹತ್ತೇ ವಾರ. ಹೈಕೋರ್ಟಿನವರಿಗೆ ಅರವತ್ತೆರಡಕ್ಕೆ ಮುಗಿಯಿತು. ಅಷ್ಟರೊಳಗೆ ಸುಪ್ರೀಂ ಕೋರ್ಟಿಗೆ ಆಯ್ಕೆಯಾದರೆ ಇನ್ನೂ ಮೂರು ವರ್ಷ, ಅದೂ ದೇಶದ ಕೊನೆಯ ಮಾತು ಹೇಳುವ ಪೀಠದಲ್ಲಿ. ಆಗದಿದ್ದರೆ ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೋ. ಖಾಲಿ ಇರುವುದು ಒಂದೇ ಜಾಗ. ಕೊನೆಯ ಸುತ್ತಿನಲ್ಲಿ ಉಳಿದಿದ್ದು ಎರಡೇ ಹೆಸರು.

ಬೆಳಿಗ್ಗೆ ದೆಹಲಿಯ ಹಿರಿಯ ನ್ಯಾಯಮೂರ್ತಿಯೊಬ್ಬರು ಫೋನು ಮಾಡಿದ್ದರು. ಆಯ್ಕೆ ಮಾಡುವ ಕೊಲಿಜಿಯಂನಲ್ಲಿ ಇದ್ದವರು ಅವರು, ಸುತ್ತುಬಳಸಿ ಮಾತಾಡುವವರಲ್ಲ. ಈ ಸಲ ನಾವು ನೋಡುತ್ತಿರುವುದು ಆ ಪೀಠದಲ್ಲಿ ಯಾರು ಕೂತಿದ್ದಾರೆ ಅಂತಲ್ಲ, ಯಾರು ಕೂತೇ ಇಲ್ಲ ಅಂತ, ಎಂದಿದ್ದರು. ಇನ್ನೊಂದು ಹೆಸರು ಬೇರೆ ರಾಜ್ಯದ್ದು, ಪರಿಶಿಷ್ಟ ಜಾತಿಯಿಂದ ಮೇಲೆ ಬಂದ ಮನುಷ್ಯ. ನೀವು ಮಹಿಳೆ, ಅದೊಂದು. ಅದರ ಜೊತೆಗೆ ಬೇರೆ ಏನೂ ಇಲ್ಲವಲ್ಲ? ಎಂದು ಕೇಳಿದ್ದರು. "ಫಾರಂ ಕಳಿಸ್ತೀನಿ ಸಾರ್," ಎಂದಷ್ಟೇ ಹೇಳಿ ಸೀತಾ ಫೋನಿಟ್ಟಿದ್ದಳು.

ಮಧ್ಯಾಹ್ನ ಜೊತೆಯ ನ್ಯಾಯಮೂರ್ತಿ ರಜೆಯಲ್ಲಿದ್ದರು, ಪೀಠ ಕೂರುವಂತಿರಲಿಲ್ಲ. ಸೀತಾ ಎದ್ದು ಕಾರು ತರಿಸಿದಳು. ಡ್ರೈವರ್ ವಿಘ್ನೇಶ್ "ವೀಟ್ಟುಕ್ಕಾಮ್ಮಾ?" ಎಂದು ಕೇಳಿದ. ಹೌದು, ಮನೆಗೇ. ಈ ವಿಷಯ ಕೇಳಬೇಕಾದ ಮನುಷ್ಯ ಭೂಮಿಯ ಮೇಲೆ ಇರುವುದು ಒಬ್ಬನೇ, ಅವಳಪ್ಪ ತಮ್ಮಯ್ಯ.

ತಮ್ಮಯ್ಯ ಅರವತ್ತೆರಡನೇ ಇಸವಿಯಲ್ಲಿ ಕೊಳ್ಳೇಗಾಲದ ಕಡೆಯ ಹಳ್ಳಿಯೊಂದರಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಖಲಾಸಿಯಾಗಿ ಬಂದವನು. ಕ್ವಾರ್ಟರ್ಸ್ ಕೊಡುತ್ತೇವೆಂದರೂ ಬೇಡವೆಂದ. ಅಲ್ಲಿ ಕನ್ನಡದವರಿದ್ದರು, ಬಾಯಿ ಬಿಟ್ಟರೆ ಊರು ಕೇರಿ ಎರಡನ್ನೂ ಕಂಡುಹಿಡಿಯಬಲ್ಲವರು. ಅದರ ಬದಲು ಎರಡು ಬಸ್ಸು ಬದಲಾಯಿಸಿಕೊಂಡು ದೂರದ ವಡಪಳನಿಯಲ್ಲಿ, ಸಿನಿಮಾ ಸ್ಟುಡಿಯೋದ ಬಡಗಿಗಳು, ಲೈಟ್‌ಬಾಯ್‌ಗಳ ನಡುವೆ ಮನೆ ಹಿಡಿದ. ಆ ತಮಿಳರಿಗೆ ಇವರು ಬರೀ ಕನ್ನಡಕ್ಕಾರರು, ಅದರಾಚೆ ಕೇಳಲು ಅವರಿಗೆ ತೋಚಲಿಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ಜಾತಿಯ ಜಾಗದಲ್ಲಿ ತಮ್ಮಯ್ಯ ‘ಕನ್ನಡ’ ಎಂದು ಬರೆಸಿದ. ಹೆಡ್ಮಾಸ್ತರು ಆ ಹೆಸರಿನದೂ ಒಂದು ಜಾತಿ ಇರಬೇಕೆಂದು ಸೀಲು ಒತ್ತಿಬಿಟ್ಟರು. ಆ ಒಂದು ಸೀಲಿನ ಮೇಲೆ ಸೀತಾ ಕಾಲೇಜು, ಲಾ ಕಾಲೇಜು, ಬಾರು, ಬೆಂಚು ಎಲ್ಲ ದಾಟಿದಳು. ಮದುವೆಯೊಂದನ್ನು ದಾಟಲಾಗಲಿಲ್ಲ. ಗಂಡಿನ ಕಡೆಯವರು ಕೇಳಿಯೇ ಕೇಳುತ್ತಾರಲ್ಲ, ಅದಕ್ಕೇ ಬೇಡವೆಂದಳು.

ಗ್ರೀನ್‌ವೇಸ್ ರಸ್ತೆಯ ಬಂಗಲೆಯ ವರಾಂಡದಲ್ಲಿ ಎಂಬತ್ತೇಳರ ತಮ್ಮಯ್ಯ ಪೇಪರು ಹಾಸಿಕೊಂಡು ಟೇಬಲ್ ಫ್ಯಾನಿನ ಹೊಟ್ಟೆ ಬಿಚ್ಚಿ ಹರಡಿದ್ದ.

"ಯಾಕವ್ವಾ, ಇಸ್ಟ್ ಬಿರ್ನೆ ಬಂದ್ಬುಟ್ಟೆ? ಕೋರ್ಟಿಲ್ವಾ?"

"ಡೆಲ್ಲಿಯಿಂದ ಫಾರಂ ಬಂದದೆ ಅಪ್ಪಾ. ಜಾತಿ ಕೇಳವ್ರೆ." ಮನೆಯಲ್ಲಿ, ಅಪ್ಪನ ಮುಂದೆ ಮಾತ್ರ ಅವಳ ಬಾಯಲ್ಲಿ ಈ ಮಾತು ಬರುತ್ತಿತ್ತು.

"ಯಾವತ್ತೂ ಬರ್ದಂಗೆ ಬರಿ," ಎಂದ ತಮ್ಮಯ್ಯ, ತಲೆಯೆತ್ತದೆ.

"ಯಾವತ್ತೂ ಬರ್ದದ್ದು ಸುಳ್ಳಲ್ವಾ?"

"ಸುಳ್ಳೋ ಪಳ್ಳೋ, ಅದ್ರಲ್ಲೇ ಕನವ್ವಾ ನೀನ್ ಓದಿದ್ದು. ಬಾಡ್ಗೆ ಮನೆ ಸಿಕ್ತು. ನಿಮ್ಮವ್ವ ಬೀದಿ ನಲ್ಲೀಲಿ ಎಲ್ಲಾರ್ ಜೊತೆ ಬಿಂದ್ಗೆ ಇಟ್ಲು, ಯಾರೂ ಎತ್ತಿ ಬಿಸಾಡ್ನಿಲ್ಲ. ಊರಲ್ಲಿ ಆಗಿದ್ದಾ ಅದು?"

"ಅದೇ ಅವ್ವ ಸತ್ತಾಗ ದೊಡ್ಡವ್ವಂಗೆ ಹೇಳ್ಕಳಿಸ್ನಿಲ್ವಲ್ಲ ಅಪ್ಪಾ."

ತಮ್ಮಯ್ಯನ ಕೈ ನಿಂತಿತು. ಇಬ್ಬರೂ ನಲವತ್ತೈದು ವರ್ಷ ಬಾಯಿಗೆ ತಂದುಕೊಳ್ಳದಿದ್ದ ಮಾತು ಅದು. ಸುದ್ದಿ ಹೇಗೋ ತಿಳಿದು ಹದಿನೈದು ದಿನದ ಮೇಲೆ ದೊಡ್ಡವ್ವ ಒಬ್ಬಳೇ ರೈಲು ಹತ್ತಿ, ವಿಳಾಸ ಕೇಳಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ತಂಗಿಯ ಹೆಸರು ಹಿಡಿದು ಗೋಳೋ ಎಂದು ಅತ್ತಳು. ಅಕ್ಕಪಕ್ಕದವರು ಸೇರಿದರು. ಯಾರಿವಳು ಎಂದು ಕೇಳಿದ್ದಕ್ಕೆ ತಮ್ಮಯ್ಯ ತಮಿಳಿನಲ್ಲಿ, ಊರಲ್ಲಿ ನಮ್ಮನೆ ಕೆಲಸಕ್ಕಿದ್ದವಳು ಎಂದ. ದೊಡ್ಡವ್ವನಿಗೆ ತಮಿಳು ಬರುತ್ತಿರಲಿಲ್ಲ, ಆದರೂ ಅರ್ಥವಾಯಿತು. ನಿಂತಲ್ಲೇ ಒಂದು ಲೋಟ ನೀರು ಕುಡಿದು, ಸೀತಾಳ ಕೆನ್ನೆ ಸವರಿ, ಅದೇ ಸಂಜೆಯ ರೈಲಿಗೆ ಹೊರಟುಹೋದಳು. ಹದಿನಾರರ ಸೀತಾ ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದ ಸಾಕ್ಷಿಗಳನ್ನು ಕಟಕಟೆಯಲ್ಲಿ ಗದರುವಾಗೆಲ್ಲ ಅವಳಿಗೆ ಆ ಮಧ್ಯಾಹ್ನ ನೆನಪಾಗಿ ನಾಚಿಕೆಯಾಗುತ್ತಿತ್ತು.

ತಮ್ಮಯ್ಯ ಸ್ಕ್ರೂಡ್ರೈವರನ್ನು ಪೇಪರಿನ ಮೇಲಿಟ್ಟ. "ಬರ್ಯದಾದ್ರೆ ಬರಿ ಮಗಾ. ಬ್ಯಾಡಾ ಅನ್ನಕ್ಕೆ ನಂಗ್ಯಾವ ಮೊಕ ಅದೆ? ಒಂದೇ ಒಂದು ಕೇಳ್ತೀನಿ, ಯೇಳು. ಆ ಕುರ್ಚಿ ಇಲ್ದಿದ್ರೆ ಬರೀತಿದ್ಯಾ ನೀನು?"

ಅಪ್ಪ ಮತ್ತೆ ಫ್ಯಾನಿಗೆ ಬಗ್ಗಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಕಾರಿಗೆ ಹೋದಳು.

ಮರೀನಾ ಬೀಚಿನ ಉದ್ದಕ್ಕೂ ಬಿಸಿಲು ಉರಿಯುತ್ತಿತ್ತು. ದೀಪಸ್ತಂಭ ದಾಟುವಾಗ ದೆಹಲಿಯಿಂದ ಫೋನು ಬಂತು. ಅದೇ ಹಿರಿಯರು. ಊಟದ ಹೊತ್ತಿಗೇ ಎಲ್ಲ ಮಾತಾಡಿಕೊಂಡೆವು ಸೀತಾ, ಈ ಸಲ ಆ ಇನ್ನೊಂದು ಹೆಸರೇ ಎನ್ನಿಸುತ್ತದೆ ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ನಾಲ್ಕಕ್ಕೆ ಸಹಿ. ಅಲ್ಲಿಯ ತನಕ ಏನೂ ಕಲ್ಲಿನಲ್ಲಿ ಕೊರೆದಿಲ್ಲ, ನಿಮ್ಮ ಫಾರಂನಲ್ಲಿ ನಾವು ನೋಡಲೇಬೇಕಾದ್ದು ಏನಾದರೂ ಇದ್ದರೆ ಈಗಲೇ ಹೇಳಿಬಿಡಿ, ಎಂದರು.

ಒಂದು ಮಾತು ಸಾಕಿತ್ತು. ಹೆಣ್ಣು, ಅದರ ಮೇಲೆ ಆ ಜಾತಿ. ಎರಡೂ ಒಟ್ಟಿಗೆ ಇದ್ದವರನ್ನು ಬಿಟ್ಟು ಅವರು ಮುಂದೆ ಹೋಗುವಂತೆಯೇ ಇರಲಿಲ್ಲ. ಸೀತಾಳಿಗೆ ಆ ಕುರ್ಚಿ ಬೇಕಿತ್ತು. ಹೊಟ್ಟೆ ಹಸಿದ ಹಾಗೆ ಬೇಕಿತ್ತು. ಆದರೆ ಆ ಇನ್ನೊಬ್ಬ ಮನುಷ್ಯ ಒಂದನೇ ತರಗತಿಯಿಂದ ಅದೇ ಕಾಲಮ್ಮನ್ನು ನಿಜವಾಗಿ ತುಂಬುತ್ತ ಬಂದವನು. ತುಂಬಿದ್ದಕ್ಕೆ ಹಾಸ್ಟೆಲಿನಲ್ಲಿ, ಬಾರಿನಲ್ಲಿ, ಬೆಂಚಿನಲ್ಲಿ ಏನೇನು ಕೇಳಿಸಿಕೊಂಡನೋ. ತಾನು ಅರವತ್ತು ವರ್ಷ ನೆರಳಲ್ಲಿ ನಿಂತಿದ್ದು, ಈಗ ಕೊನೆಯ ಗಂಟೆಯಲ್ಲಿ ಅವನ ಮುಂದೆ ಹೋಗಿ ನಿಲ್ಲುವುದೇ? ಥೂ, ಇದು ನ್ಯಾಯವೋ, ಅಥವಾ ಹಳೆಯ ಹೆದರಿಕೆಯೇ ನ್ಯಾಯದ ಮಾತಾಡುತ್ತಿದೆಯೋ, ಅವಳಿಗೇ ತಿಳಿಯಲಿಲ್ಲ.

"ಹಲೋ? ಸೀತಾ? ಇದ್ದೀರಾ?"

"ಇದ್ದೀನಿ ಸಾರ್," ಎಂದಳು. "ನೋಡಲೇಬೇಕಾದ್ದು ಏನೂ ಇಲ್ಲ."

ಚೇಂಬರಿಗೆ ಬಂದಾಗ ಮೂರೂ ಮೂವತ್ತೈದು. ಮುರಳೀಧರ ಕಾರಿಡಾರಿನಲ್ಲೇ ಕಾಯುತ್ತಿದ್ದ. ಹಣೆಯಲ್ಲಿ ಬೆವರು. "ಎಲ್ಲಿಗೆ ಹೋಗ್ಬಿಟ್ರಿ ಅಮ್ಮಾ! ಎರಡು ಸಲ ರಿಮೈಂಡರ್ ಬಂತು. ಸೈನ್ ಹಾಕಿ, ಪ್ಲೀಸ್."

"ಹಾಕ್ತೀನಿ."

ಅವಳು ಕೂತಳು. ಹಾಕಲಿಲ್ಲ. ಮೂರೂ ಮುಕ್ಕಾಲಿಗೆ ಅವನು ಒಳಗೆ ಬಂದು ಹೋದ. ಮೂರೂ ಐವತ್ತಕ್ಕೆ ಬಂದು, ಪೆನ್ನನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದ. ಮೂರೂ ಐವತ್ತೈದಕ್ಕೆ, "ಅಮ್ಮಾ, ನಿಮ್ಗೆ ಒಡಂಬು ಸರಿಯಿಲ್ವಾ? ಡಾಕ್ಟರನ್ನ ಕರೀಲಾ?" ಎಂದು ಅಳುವ ದನಿಯಲ್ಲಿ ಕೇಳಿದ. ಸೀತಾ ಎರಡೂ ಕೈಗಳನ್ನು ಮೇಜಿನ ಕೆಳಗೆ ಹಿಡಿದುಕೊಂಡಿದ್ದಳು. ಸುಳ್ಳಿಗೆ ಸಹಿ ಹಾಕಲಾರಳು, ಕೈ ಹೊರಗೆ ಬಿಟ್ಟರೆ ಅವು ತಾವೇ ಪೆನ್ನು ಹಿಡಿದು ನಾಲ್ಕರೊಳಗೇ ನಿಜ ಬರೆದುಬಿಡುತ್ತವೆ ಎಂಬ ಭಯ ಅವಳಿಗೆ. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ನಾಲ್ಕೂ ಐದಾಯಿತು. ಮುರಳೀಧರ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ.

ನಾಲ್ಕೂ ಇಪ್ಪತ್ತಕ್ಕೆ ಅವನ ಮೊಬೈಲು ಗುಂಯ್‌ಗುಟ್ಟಿತು. ಓದಿದವನ ಮುಖ ಇಳಿದುಹೋಯಿತು.

"ಆಯ್ತಮ್ಮಾ. ಅವ್ರಿಗೇ ಕೊಟ್ರು." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಅನ್ಯಾಯಮ್ಮಾ ಇದು. ಯಾರಮ್ಮಾ ಅವ್ರು? ನಿಮ್ಮಷ್ಟು ಜಡ್ಜ್‌ಮೆಂಟ್ ಬರ್ದಿದಾರಾ? ಅವ್ರಿಗೆ ಜಾತಿ ಇದೆ, ಏರಿಬಿಡ್ತಾರೆ. ನಮ್ಮಂಥೋರಿಗೆ ಯಾರಿದಾರೆ ಹೇಳಿ?"

ಇಷ್ಟು ಪ್ರೀತಿಯಿಂದ ಯಾರೂ ಅವಳ ಕೆನ್ನೆಗೆ ಹೊಡೆದಿರಲಿಲ್ಲ.

"ಫಾರಂ ಹೇಗೂ ಫೈಲಿಗೆ ಸೇರಬೇಕಲ್ಲ ಮುರಳೀಧರ್?"

"ಸೇರ್ಬೇಕು. ಇನ್ನು ಸೇರಿ ಏನಮ್ಮಾ ಪ್ರಯೋಜನ?"

ಸೀತಾ ಕೈ ಹೊರಗೆ ತೆಗೆದಳು. ಹನ್ನೊಂದನೇ ಕಾಲಮ್ಮಿನ ‘ಸಾಮಾನ್ಯ ವರ್ಗ’ದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಬರೆದಳು: ಪರಿಶಿಷ್ಟ ಜಾತಿ, ಆದಿ ಕರ್ನಾಟಕ. ಬರೆದು ಹಾಳೆಯನ್ನು ಅವನ ಕಡೆ ತಿರುಗಿಸಿದಳು.

ಮುರಳೀಧರ ಕನ್ನಡಕ ಸರಿಪಡಿಸಿಕೊಂಡು ಓದಿದ. ಇನ್ನೊಮ್ಮೆ ಓದಿದ. "ಇದು... ಯಾರ್ದಮ್ಮಾ?"

"ನನ್ನದು."

ಹದಿಮೂರು ವರ್ಷದ ಒಂದೊಂದು ದಿನವನ್ನೂ ಅವನು ತಿರುವಿ ಹಾಕುತ್ತಿರುವುದು ಅವಳಿಗೆ ಕಾಣುತ್ತಿತ್ತು. ಕೊನೆಗೆ ಅವನೊಳಗಿನ ಕಾರ್ಯದರ್ಶಿಯೇ ಬಾಯಿ ಬಿಟ್ಟ. "ಮೂರೂ ಮುಕ್ಕಾಲಿಗೇ ಇದನ್ನ ಬರ್ದಿದ್ರೆ, ಸೀಟು ನಿಮ್ಗೇ ಅಲ್ವಾಮ್ಮಾ?"

"ಹೌದು."

"ಗೊತ್ತಿದ್ದೂ..."

"ಹೊಸದಾಗಿ ಟೈಪ್ ಮಾಡಿ ತನ್ನಿ ಮುರಳೀಧರ್. ಹೊಡೆದು ಹಾಕಿದ ಹಾಳೆ ಕಳಿಸೋದು ಬೇಡ."

ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದ. ಕೀಬೋರ್ಡಿನ ಸದ್ದು ಶುರುವಾಯಿತು. ಎಂದಿನ ಮಳೆಯಂಥ ಸದ್ದಲ್ಲ, ಒಂದೊಂದೇ ಅಕ್ಷರ. ನಡುವೆ ಎಲ್ಲೋ ನಿಂತಿತು. ಮತ್ತೆ ಶುರುವಾಯಿತು, ಮುಗಿಯಿತು. ಪ್ರಿಂಟರು ಹಾಳೆಯನ್ನು ಎಳೆದುಕೊಂಡು ಹೊರಗೆ ಬಿಟ್ಟ ಸದ್ದೂ ಬಂತು.

ಎರಡು ಕೋಣೆಗಳ ನಡುವೆ ಇದ್ದದ್ದು ತಲೆಯೆತ್ತರದ ತಳ್ಳುಬಾಗಿಲು, ನೆಲದಿಂದ ಒಂದು ಮೊಳ ಮೇಲಕ್ಕಿತ್ತು. ಇಷ್ಟು ವರ್ಷ ಮುರಳೀಧರ ಅದನ್ನು ಭುಜದಲ್ಲಿ ತಳ್ಳಿಕೊಂಡು, ಮಾತಾಡುತ್ತಲೇ ಒಳಗೆ ಬಂದುಬಿಡುತ್ತಿದ್ದ. ಈಗ ಬಾಗಿಲಿನ ಕೆಳಗೆ ಅವನ ಎರಡು ಪಾದಗಳು ಬಂದು ನಿಂತವು. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಸೀತಾ ಪೆನ್ನಿನ ಮುಚ್ಚಳ ತೆಗೆದಿಟ್ಟು, ಆ ಪಾದಗಳನ್ನು ನೋಡುತ್ತ ಕೂತಳು.