ಅತ್ತಿಗೆ ಅಂಟಿಸಿದ ಚೀಟಿಗಳು

ಮನೆ ನೋಡಲು ಬಂದ ಎರಡನೇ ಪಾರ್ಟಿಯೂ ಅಡುಗೆಮನೆ ಬಾಗಿಲಿನಿಂದಲೇ ವಾಪಸು ಹೋದ ಮೇಲೆ ಟೈಲರಮ್ಮ ಬ್ರೋಕರನ ಮೇಲೆ ಹರಿಹಾಯ್ದಳು. ಹದಿನೆಂಟು ವರ್ಷ ತಾನು ಬಾಳಿದ ಮನೆ, ಗಟ್ಟಿಮುಟ್ಟಾದ ಮನೆ, ಅದಕ್ಕೇನು ರೋಗ ಬಂದಿದೆ ಅಂತ ಇವರು ಮೂಗು ಮುರಿಯುತ್ತಾರೆ ಎಂದು ಅವಳ ವಾದ. ಬ್ರೋಕರ್ ಅನುಭವಸ್ಥ. ಬೈಗುಳ ಮುಗಿಯುವವರೆಗೂ ಹೆಲ್ಮೆಟ್ಟು ಒರೆಸುತ್ತ ನಿಂತಿದ್ದು, ಆಮೇಲೆ ಬಾಯಿ ಬಿಟ್ಟ.

"ಅಮ್ಮಾ, ನೀವು ನಿಮ್ಮ ಕಣ್ಣಲ್ಲಿ ನೋಡ್ತಿದ್ದೀರಿ. ಒಂದ್ಸಲ ಕೊಳ್ಳೋರ ಕಣ್ಣಲ್ಲಿ ನೋಡಿ. ಗೇಟಿಂದ ಆಚೆ ಹೋಗಿ, ಇದು ಯಾರದೋ ಮನೆ ಅಂದ್ಕೊಂಡು ಒಳಗೆ ಬನ್ನಿ. ಆಮೇಲೂ ಬೈಬೇಕು ಅನ್ನಿಸಿದ್ರೆ ಫೋನ್ ಮಾಡಿ, ಬಂದು ಬೈಸಿಕೊಂಡು ಹೋಗ್ತೀನಿ."

ಟೈಲರಮ್ಮನಿಗೆ ಅವಸರವಿತ್ತು. ಮುಖ್ಯರಸ್ತೆಯ ಛತ್ರಿ ಅಂಗಡಿ ಖಾಲಿಯಾಗುತ್ತಿತ್ತು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ರಸ್ತೆಯ ಕಡೆಗೆ ಆಳೆತ್ತರದ ಗಾಜು. ಅವಳೋ ಇಷ್ಟು ವರ್ಷ ಮಂಚಕ್ಕೂ ಬೀರುವಿಗೂ ನಡುವೆ ಹೊಲಿಗೆ ಮಿಷನ್ ತುರುಕಿಕೊಂಡು ಹೊಲಿದವಳು. ಗಂಡ ಮಂಚದ ಮೇಲೆ ಮಗ್ಗುಲು ಬದಲಿಸಿದರೆ ಇವಳ ಸೂಜಿ ಓರೆಯಾಗುತ್ತಿತ್ತು. ಅಳತೆ ಕೊಡಲು ಬಂದವರು ಒಲೆಯ ಪಕ್ಕ ಕೈ ಎತ್ತಿ ನಿಲ್ಲಬೇಕಿತ್ತು. ಛತ್ರಿ ಅಂಗಡಿಯ ಯಜಮಾನರು ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇಕರಿಯವನಿಗೆ ಕೊಟ್ಟುಬಿಡುತ್ತೇನೆ ಎಂದಿದ್ದರು. ಮನೆ ಮಾರಾಟವಾದರೆ ಅಂಗಡಿ ಅವಳದು. ಆಗದಿದ್ದರೆ ಮಂಚ, ಬೀರು, ಅವಳು, ಮೂವರೂ ಇದ್ದಲ್ಲೇ.

ಹಾಗಾಗಿ ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ತಮ್ಮದೇ ಗೇಟಿನ ಆಚೆ ಹೋಗಿ ನಿಂತರು. ಗಂಡ ಸಿಟಿ ಬಸ್ಸಿನ ಡ್ರೈವರ್. ಭಾರಿ ಆಳು, ಆಳಿಗಿಂತ ಭಾರಿ ಸಮಾಧಾನ.

"ಈಗ ನಾವ್ಯಾರು?" ಎಂದ.

"ಮನೆ ಕೊಳ್ಳೋಕೆ ಬಂದಿರೋರು ರೀ. ಸ್ವಲ್ಪ ಗತ್ತಿನಲ್ಲಿ ಬನ್ನಿ."

ಗತ್ತಿನಲ್ಲೇನೋ ಬಂದ. ಆದರೆ ಜೋತುಬಿದ್ದ ಗೇಟನ್ನು ಅಭ್ಯಾಸಬಲದಿಂದ ಮೊಣಕಾಲಿನಲ್ಲಿ ಎತ್ತಿ ನೂಕಿದ. ಹೊಸಿಲಿನ ಹತ್ತಿರ ಎದ್ದು ನಿಂತಿದ್ದ ಟೈಲ್ಸನ್ನು ಇಬ್ಬರೂ ಕೆಳಗೆ ನೋಡದೆಯೇ ದಾಟಿದರು. ಹಿಂದಿನ ಎರಡು ಪಾರ್ಟಿಯವರೂ ಅಲ್ಲೇ ಎಡವಿದ್ದು ಇವರ ನೆನಪಿಗೇ ಬರಲಿಲ್ಲ. ನೀರಿಳಿದು ಕಂದುಗಟ್ಟಿದ ಗೋಡೆಯ ಮುಂದೆ ನಿಂತು ಟೈಲರಮ್ಮ, "ಒಳ್ಳೆ ಬೆಳಕಿದೆ ಅಲ್ವಾ" ಎಂದಳು. ಡ್ರೈವರ್ ಹೂಂ ಎಂದು, ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ, ತನ್ನ ಕುರ್ಚಿಯಲ್ಲಿ ಕಾಲು ಚಾಚಿ, "ಟೀ ಆಗಿದ್ಯೇನೇ?" ಎಂದು ಕೇಳಿದ. ಕೊಳ್ಳಲು ಬಂದವರು ಎಲ್ಲಾದರೂ ಹೀಗೆ ಮಾಡುತ್ತಾರೆಯೇ?

ಟೈಲರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಕೂತಲ್ಲೇ ಅವಳಿಗೆ ಹೊಳೆಯಿತು.

"ರೀ, ನಿಮ್ಮಕ್ಕನ್ನ ಕರೆಸೋಣ."

ಡ್ರೈವರ್ ಟೀಯನ್ನು ಎದೆಯ ಮೇಲೆ ಚೆಲ್ಲಿಕೊಂಡ. "ಬೇಕಂತಾನೇ? ದುಡ್ಡು ಕೊಟ್ಟು ಬೈಸಿಕೊಂಡ ಹಾಗಾಗುತ್ತೆ."

"ದುಡ್ಡು ಯಾಕೆ, ಅವರು ಬಿಟ್ಟಿ ಬೈತಾರೆ. ಅದೇ ಬೇಕಾಗಿರೋದು ಈಗ."

ಅತ್ತಿಗೆ, ಎಂದರೆ ಡ್ರೈವರನ ಅಕ್ಕ, ಮೂವತ್ತಮೂರು ವರ್ಷ ಗಣಿತದ ಟೀಚರಾಗಿದ್ದವರು. ಕೆಲಸದಿಂದ ನಿವೃತ್ತಿಯಾದರೂ ಅವರ ಕೆಂಪು ಪೆನ್ನಿಗೆ ನಿವೃತ್ತಿಯಾಗಲಿಲ್ಲ. ಮದುವೆಯ ಕರೆಯೋಲೆ ಬಂದರೂ ಕಾಗುಣಿತ ತಿದ್ದಿಯೇ ಒಳಗಿಡುತ್ತಿದ್ದರು. ಟೈಲರಮ್ಮ ಹೊಲಿದುಕೊಟ್ಟ ಒಂದು ಬಟ್ಟೆಯೂ ಇದುವರೆಗೆ ಪಾಸಾಗಿರಲಿಲ್ಲ. ಈ ಮನೆಯಲ್ಲಿ ಹುಟ್ಟಿ, ಈ ಮನೆಯಿಂದಲೇ ಮದುವೆಯಾಗಿ ಹೋದವರು ಅವರು. ಹೆತ್ತವರು ತೀರಿಕೊಂಡ ಮೇಲೆ ಮನೆ ತಮ್ಮನಿಗಿರಲಿ ಎಂದು ಒಂದೇ ಒಂದು ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಎದ್ದಿದ್ದರು. ಹೀಗಾಗಿ ಮಾರುವ ಮಾತು ಬಂದಾಗ ಅವರನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರು. ಅವರೂ "ಹೌದಾ" ಎಂದು ಇಟ್ಟಿದ್ದರು.

ಅತ್ತಿಗೆ ಎರಡು ಬಸ್ಸು ಬದಲಿಸಿ ಬಂದರು. ಬಂದವರು ಒಳಗೆ ಬರಲೊಲ್ಲರು. ಗೇಟಿನ ಬಳಿಯೇ ನಿಂತು, "ಮನೆ ಮಾರಾಟಕ್ಕಿದೆಯಂತೆ. ನೋಡಬಹುದಾ?" ಎಂದು ತಮ್ಮನನ್ನೇ ಗುರುತಿಲ್ಲದವರಂತೆ ಕೇಳಿದರು. ಪರೀಕ್ಷೆ ಎಂದರೆ ಪರೀಕ್ಷೆ. ಗೇಟು ಅವರ ಬೆರಳು ಕಚ್ಚಿತು. ಚೀಲದಿಂದ ಹಳದಿ ಚೀಟಿಯ ಕಟ್ಟು ತೆಗೆದು, ಕೆಂಪಿನಲ್ಲಿ "೧" ಎಂದು ಬರೆದು ಗೇಟಿಗೆ ಅಂಟಿಸಿದರು.

ಸಂಜೆಯ ಹೊತ್ತಿಗೆ ಮನೆಗೆ ಸಿಡುಬು ಎದ್ದ ಹಾಗಾಗಿತ್ತು. ಟೈಲ್ಸಿಗೊಂದು, ಕಂದು ಗೋಡೆಗೊಂದು, ಸೋರುವ ನಲ್ಲಿಗೊಂದು. ಬಚ್ಚಲಿನ ಚಿಲಕಕ್ಕೆ ಎರಡು, ಏಕೆಂದರೆ ಅದು ಹಾಕಲೂ ಬಾರದು, ತೆಗೆಯಲೂ ಬಾರದು. ಬೀರುವಿನ ಮೇಲಿನ ಗಂಟುಮೂಟೆ, ದಾರದ ಉಂಡೆ, ಬಾಗಿಲ ಹಿಂದೆ ನೇತುಬಿದ್ದ ಡ್ರೈವರನ ಖಾಕಿ, ಎಲ್ಲಕ್ಕೂ ನಂಬರು. ಕೊನೆಗೆ ಕುರ್ಚಿಯಲ್ಲಿ ಕೂತಿದ್ದ ತಮ್ಮನ ತೋಳಿಗೆ "೨೭" ಅಂಟಿಸಿ, "ಮನೆ ತೋರಿಸೋ ದಿನ ಇವನನ್ನ ಹೀಗೆ ಕೂರಿಸಬೇಡ. ಕೋಣೆ ಚಿಕ್ಕದು ಕಾಣುತ್ತೆ" ಎಂದರು.

ಮರುದಿನದಿಂದ ಟೈಲರಮ್ಮ ಸೊಂಟ ಕಟ್ಟಿ ನಿಂತಳು. ಬಂದ ಬಟ್ಟೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿದಳು. ಗೇಟಿಗೆ ಹೊಸ ಕೀಲು ಬಂತು, ಗೋಡೆ ಕೆರೆದು ಬಣ್ಣ ಬಳಿದದ್ದಾಯಿತು, ನಲ್ಲಿಗೆ ವಾಷರ್ ಬಿತ್ತು. ಇಪ್ಪತ್ತೇಳು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಅತ್ತಿಗೆ ಮತ್ತೆ ಹಾಜರ್. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಒಂದು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ನಾಲ್ಕು. ಕಿಟಕಿಯ ಸರಳು ಲೆಕ್ಕ ಮಾಡಿ ಒಂದು ಕಡೆ ಏಳು, ಇನ್ನೊಂದು ಕಡೆ ಎಂಟು ಎಂದು ತಕರಾರು ತೆಗೆದರು.

"ಅತ್ತಿಗೆ, ಮೊನ್ನೆ ಇದೇ ಕಿಟಕಿಗೆ ಪಾಸ್ ಅಂದಿದ್ರಲ್ಲ," ಟೈಲರಮ್ಮನ ದನಿ ಅಳುವಂತಾಗಿತ್ತು.

"ಮೊನ್ನೆ ಮೋಡ ಇತ್ತು. ಸರಿಯಾಗಿ ಕಾಣಲಿಲ್ಲ."

ಇವರಿಗೆ ನನ್ನ ಅಂಗಡಿ ಕಂಡರೆ ಹೊಟ್ಟೆಕಿಚ್ಚು, ಬೇಕಂತಲೇ ದಿನ ತಳ್ಳುತ್ತಿದ್ದಾರೆ ಎಂದು ಟೈಲರಮ್ಮನಿಗೆ ಒಳಗೊಳಗೇ ಅನ್ನಿಸತೊಡಗಿತು. ಆದರೂ ಹಲ್ಲು ಕಚ್ಚಿಕೊಂಡು ಹೇಳಿದ್ದನ್ನೆಲ್ಲ ಮಾಡಿದಳು. ಮಿಷನ್ನು ಪಕ್ಕದ ಮನೆಗೆ ಹೋಯಿತು. ಪಾತ್ರೆಗಳು ಡಬ್ಬ ಸೇರಿದವು. ಗಂಡಹೆಂಡತಿ ತಮ್ಮದೇ ಮನೆಯಲ್ಲಿ ನೆಂಟರ ಹಾಗೆ ತುದಿಗಾಲಲ್ಲಿ ಓಡಾಡಿದರು. ಡ್ರೈವರ್ ಶೇವಿಂಗ್ ಸೆಟ್ಟು ಸಿಗದೆ ಮೂರು ದಿನ ಗಡ್ಡ ಬಿಟ್ಟುಕೊಂಡು ಬಸ್ಸು ಓಡಿಸಿದ. ನಲವತ್ತಮೂರನೇ ಚೀಟಿ ಕಿತ್ತ ದಿನ ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು.

ಅವತ್ತೇ ಮಧ್ಯಾಹ್ನ ಬ್ರೋಕರ್ ಮೂರನೇ ಪಾರ್ಟಿಯನ್ನು ಕರೆತಂದ. ಒಬ್ಬರು ಹಲ್ಲಿನ ಡಾಕ್ಟರಮ್ಮ, ಜೊತೆಗೆ ಅವರ ವಯಸ್ಸಾದ ತಾಯಿ. ಅತ್ತಿಗೆಯೂ ಅಲ್ಲೇ ಇದ್ದರು. ಒಂದೇ ಒಂದು ಮಾತೂ ಆಡಬಾರದು ಎಂದು ಟೈಲರಮ್ಮ ಕೈ ಮುಗಿದು ಕೇಳಿಕೊಂಡಿದ್ದಳು. ಅವರು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಡಾಕ್ಟರಮ್ಮ ಕೈಚೀಲದಿಂದ ಪುಟ್ಟ ಟಾರ್ಚ್ ತೆಗೆದು ಮೂಲೆಮೂಲೆಗೂ ಬೆಳಕು ಬಿಟ್ಟರು. ಗೋಡೆಯನ್ನು ಬೆರಳಿನಿಂದ ಕುಟ್ಟಿದರು. ಎಲ್ಲೂ ಕಲೆಯಿಲ್ಲ, ಬಿರುಕಿಲ್ಲ, ಒಂದು ಮೊಳೆಯಿಲ್ಲ. ಟೈಲರಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ಡಾಕ್ಟರಮ್ಮನ ಮುಖ ಕೋಣೆಯಿಂದ ಕೋಣೆಗೆ ಗಂಟಾಗುತ್ತ ಹೋಯಿತು.

"ಈ ಮನೇಲಿ ಯಾರಾದ್ರೂ ವಾಸ ಇದ್ದಾರಾ?" ಎಂದರು ಕೊನೆಗೆ.

"ಅಯ್ಯೋ, ನಾವೇ ಇದ್ದೀವಲ್ಲ. ಹದಿನೆಂಟು ವರ್ಷದಿಂದ."

"ಇದ್ದ ಹಾಗೇ ಕಾಣಲ್ಲ. ನೋಡಿ, ನನ್ನ ಹತ್ರ ಒಬ್ಬರು ಬಂದು ಬಾಯಿ ತೆರೆದಾಗ ಹಲ್ಲೆಲ್ಲ ಬೆಳ್ಳಗೆ ಒಂದೇ ಸಮ ಇದ್ರೆ, ನಾನು ಮೊದಲು ಕೇಳೋದು ಯಾವಾಗ ಕಟ್ಟಿಸಿದ್ರಿ ಅಂತ. ಎಲ್ಲಾ ಹಸೀ ಬಣ್ಣ. ಕೆಳಗೆ ಏನು ಮುಚ್ಚಿಟ್ಟಿದ್ದೀರೋ ಯಾರಿಗೆ ಗೊತ್ತು. ಅಮ್ಮಾ, ಹೋಗೋಣ ನಡಿ."

ಟೈಲರಮ್ಮನಿಗೆ ಗಾಜಿನ ಕಿಟಕಿಯ ಅಂಗಡಿ ಕಣ್ಣೆದುರೇ ಬೇಕರಿಯಾಗುವುದು ಕಾಣಿಸಿತು. ಬ್ರೋಕರ್ ಹೆಲ್ಮೆಟ್ಟು ಕೈಗೆತ್ತಿಕೊಂಡ. ಡಾಕ್ಟರಮ್ಮನ ತಾಯಿ ಮಾತ್ರ ಕದಲದೆ, ಮೂಲೆಯಲ್ಲಿ ಕೂತಿದ್ದ ತಮ್ಮ ವಯಸ್ಸಿನ ಹೆಂಗಸಿನ ಕಡೆ ತಿರುಗಿದರು.

"ನೀವಾದ್ರೂ ಹೇಳಿ. ಈ ಮನೇಲಿ ಏನು ತೊಂದರೆ ಇದೆ?"

ಟೈಲರಮ್ಮ ಅತ್ತಿಗೆಯತ್ತ ನೋಡಿ ಬೇಡ ಎಂದು ಕಣ್ಣಲ್ಲೇ ಅಂಗಲಾಚಿದಳು. ಅತ್ತಿಗೆ ಅವಳನ್ನೊಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು ಎದ್ದರು. ಇನ್ನು ಮುಗಿದೇ ಹೋಯಿತು ಕಥೆ ಎಂದುಕೊಂಡಳು ಟೈಲರಮ್ಮ.

"ತೊಂದರೆನಾ? ಬನ್ನಿ, ತೋರಿಸ್ತೀನಿ," ಎಂದು ಆ ತಾಯಿಯ ಕೈ ಹಿಡಿದುಕೊಂಡರು. "ಈ ಕೋಣೆ ಬೇಸಿಗೇಲಿ ಒಲೆ. ಹನ್ನೊಂದು ಗಂಟೆಗೆ ಈ ಕಿಟಕಿ ಮುಚ್ಚಬೇಕು. ನಾಲ್ಕು ಗಂಟೆಗೆ ಹಿತ್ತಿಲ ಬಾಗಿಲನ್ನ ಪೂರ್ತಿ ಅಲ್ಲ, ಅರ್ಧ ತೆರೀಬೇಕು. ಆಗ ಗಾಳಿ ನೆಲದ ಮೇಲೇ ಬರುತ್ತೆ. ಚಾಪೆ ಹಾಕ್ಕೊಂಡು ಮಲಗಿದ್ರೆ ಎಬ್ಬಿಸೋಕೆ ಯಾರಾದ್ರೂ ಬರಬೇಕು. ನಾನು ಮಗ್ಗಿ ಕಲಿತಿದ್ದು ಇಲ್ಲೇ, ಅದಕ್ಕೇ ಹದಿನಾರರ ಮಗ್ಗಿ ಇವತ್ತಿಗೂ ಅರ್ಧಕ್ಕೇ ನಿಲ್ಲುತ್ತೆ, ನಿದ್ದೆ ಬಂದುಬಿಡ್ತಿತ್ತು. ಈ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತೆ. ಎಳೆದಾಡಬೇಡಿ, ಸೊಂಟ ಕೊಟ್ಟು ಒಂದು ಸಲ ಒತ್ತಿ, ಸಾಕು. ಮಹಡಿ ಮೆಟ್ಟಿಲಲ್ಲಿ ಮೂರನೇದು ಜಾರುತ್ತೆ, ಗೋಡೆ ಕಡೆ ಕಾಲಿಡಿ. ಆ ಗೋಡೆಗೆ ಬಣ್ಣ ಬಳಿದಿದ್ದಾರೆ, ಒಳಗೆ ತೇವ ಇದೆ. ಮಹಡಿ ಮೇಲಿನ ಮೋರಿ ಕಸ ವರ್ಷಕ್ಕೊಂದ್ಸಲ ತೆಗೆಸಿದ್ರೆ ತೇವ ಇರಲ್ಲ. ನನ್ನ ತಮ್ಮ ತೆಗೆಸಲ್ಲ."

ಡ್ರೈವರ್ ತಲೆ ತಗ್ಗಿಸಿದ. ಡಾಕ್ಟರಮ್ಮ ಟಾರ್ಚ್ ಆರಿಸಿ ಚೀಲಕ್ಕೆ ಹಾಕಿಕೊಂಡು ಹಿಂದೆಯೇ ಹೊರಟರು.

ಅತ್ತಿಗೆ ಅಡುಗೆಮನೆಗೆ ಬಂದರು. "ಇಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತೆ. ಅದು ದೊಡ್ಡ ತೊಂದರೆ. ಆದ್ರೆ ಇಲ್ಲಿ ನಿಲ್ಲಿ, ಈ ಕಿಟಕೀಲಿ ನೋಡಿ. ರಸ್ತೆ ತಿರುವು ಕಾಣುತ್ತಲ್ಲ? ನಿಮ್ಮ ಮಗಳು ಕೆಲಸದಿಂದ ಬರೋದು ಇಲ್ಲಿಂದಲೇ ಗೊತ್ತಾಗುತ್ತೆ. ನಡಿಗೆ ನೋಡಿದ್ರೆ ಸಾಕು, ಅವತ್ತು ಹೇಗಿತ್ತು ಅಂತಾನೂ ಗೊತ್ತಾಗುತ್ತೆ. ನಮ್ಮಮ್ಮ ನಾನು ಬಾಗಿಲಿಗೆ ಬರೋಷ್ಟರಲ್ಲಿ, ಯಾವ ಪರೀಕ್ಷೆ ಹಾಳುಮಾಡ್ಕೊಂಡೆ ಅಂತ ಕೇಳೋಳು."

ಆ ತಾಯಿ ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ಮಗಳತ್ತ ತಿರುಗಿ, "ಇದೇ ಇರಲಿ ಕಣೆ" ಎಂದರು. ಆಮೇಲೆ ಅತ್ತಿಗೆಯ ಕೈಯನ್ನು ಬಿಡದೆ, "ಇಷ್ಟೆಲ್ಲ ಬಲ್ಲವರು, ಯಾಕೆ ಮಾರ್ತಿದ್ದೀರಿ?" ಎಂದು ಕೇಳಿದರು.

"ಮಾರ್ತಿರೋದು ನಾನಲ್ಲಮ್ಮ," ಅತ್ತಿಗೆ ನಕ್ಕರು. "ನನ್ನನ್ನ ತಪ್ಪು ಹುಡುಕೋಕೆ ಕರೆಸಿದ್ರು."

ಟೈಲರಮ್ಮನಿಗೆ ಕಿವಿ ಬಿಸಿಯಾಯಿತು. ಬ್ರೋಕರ್ ಮುಖ ಅರಳಿಸಿಕೊಂಡು, ಸಂಜೆಯೊಳಗೆ ಒಂದು ಮಾತು ಹೇಳಿಬಿಡಿ, ಕಾಗದ ಮಾಡಿಸಿಬಿಡುತ್ತೇನೆ ಎಂದು ಪಿಸುಗುಟ್ಟಿ ಪಾರ್ಟಿಯನ್ನು ಕರೆದುಕೊಂಡು ಹೋದ. ಆಗ ಅವಳು ಕುಣಿದಾಡಬೇಕಿತ್ತು. ಕಾಲೇ ಬರಲಿಲ್ಲ. ಹದಿನೆಂಟು ವರ್ಷ ಇದ್ದೂ ಹಿತ್ತಿಲ ಬಾಗಿಲನ್ನು ಅರ್ಧ ತೆರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಪೂರ್ತಿ ತೆರೆದು ಬೆವರಿದ್ದಳು.

ಅತ್ತಿಗೆ ಚೀಲ ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋಗಿದ್ದರು. ಟೈಲರಮ್ಮ ಓಡಿ ಹೋಗಿ ಎದುರು ನಿಂತಳು.

"ಅತ್ತಿಗೆ. ಮನೆ ಮಾರಲಾ?"

"ಈಗ ಕೇಳ್ತಿದ್ದೀಯಾ?"

"ಮೊದಲೇ ಕೇಳಬೇಕಿತ್ತು. ತಪ್ಪಾಯ್ತು. ಈಗಲೂ ನೀವು ಬೇಡ ಅಂದ್ರೆ ಬೇಡ." ಅಂದುಬಿಟ್ಟ ಮೇಲೆ ಅವಳಿಗೆ ಗಾಜಿನ ಅಂಗಡಿ ನೆನಪಾಯಿತು. ಬೇಡ ಎಂದೇ ಅಂದರೆ? ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತಿಗೆ ಗೇಟಿನ ಹೊಸ ಕೀಲನ್ನು ನೋಡುತ್ತ ನಿಂತರು. "ಬಂದಾಗೆಲ್ಲ, ಇವತ್ತು ಕೇಳ್ತಾಳೆ ಅಂತ ಕಾದೆ ಕಣಮ್ಮ. ಕೇಳಲಿಲ್ಲ ಅಂದ್ರೆ ಮತ್ತೆ ಬರೋಕೆ ನೆಪ ಬೇಕಲ್ಲ, ಇನ್ನೊಂದು ಚೀಟಿ ಅಂಟಿಸ್ತಿದ್ದೆ. ಕೊನೆಕೊನೆಗೆ ಬರೆಯೋಕೆ ತಪ್ಪೇ ಇರಲಿಲ್ಲ. ಆ ಸರಳು ಎರಡು ಕಡೆಯೂ ಎಂಟೇ ಇದೆ." ಸೆರಗಿನಿಂದ ಕನ್ನಡಕ ಒರೆಸಿದರು. "ಮಾರು. ನಿನ್ನ ಅಂಗಡಿ ಬೇಕರಿಯವನ ಪಾಲಾಗೋದು ನನಗೂ ಬೇಡ. ನನಗೆ ಸಿಟ್ಟು ಮನೆ ಹೋಗೋದಕ್ಕಲ್ಲ. ಒಂದು ಮಾತು ನನ್ನನ್ನ ಕೇಳಲಿಲ್ಲವಲ್ಲ ಅಂತ."

ಟೈಲರಮ್ಮ ಅತ್ತಿಗೆಯ ಹೆಗಲಿನಿಂದ ಚೀಲ ಇಳಿಸಿಕೊಂಡಳು. ಸೊಂಟದಲ್ಲಿದ್ದ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟು, ಒಳಗಿದ್ದ ಗಂಡನನ್ನು ಕೂಗಿ ಹೊರಗೆ ಕರೆದಳು. ಅತ್ತಿಗೆ ಒಬ್ಬರೇ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಗಂಡಹೆಂಡತಿ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅರ್ಧ ಗಂಟೆಯಾಯಿತು. ಒಳಗೆ ಒಂದೊಂದೇ ಕೋಣೆಯ ಬಾಗಿಲು ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು. ಬ್ರೋಕರನ ಕರೆ ಬಂದು ಅವಳ ಫೋನು ಎರಡು ಸಲ ಬಡಿದುಕೊಂಡಿತು. ಟೈಲರಮ್ಮ ಎತ್ತಲಿಲ್ಲ.

"ಅಕ್ಕ ಇನ್ನೂ ಎಷ್ಟೊತ್ತು ಮಾಡ್ತಾಳೋ," ಎಂದ ಡ್ರೈವರ್. "ಬಾಗಿಲು ತಟ್ಟಲಾ?"

"ಸುಮ್ಮನೆ ಕೂತ್ಕೊಳ್ಳಿ ರೀ," ಎಂದಳು ಟೈಲರಮ್ಮ. "ಅವರ ಮನೆ. ಅವರಿಗೆ ಸಾಕು ಅನ್ನಿಸಿದಾಗ ತೆಗೀತಾರೆ."